ಹಂದಿಗೆ ಬಂದ ಜ್ವರ ಮುಚ್ಚಿಡುವ ಮಾತಲ್ಲ



ಕಳೆದ ಮಳೆಗಾಲದಲ್ಲಿ ನಮ್ಮ ಒಂದು ಮಹಿಳಾ ಸಂಘದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿ, ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ ಒಬ್ಬ ಸದಸ್ಯೆ ಮೆಲ್ಲಗೆ ಬಾಯಿ ಬಿಟ್ಟರು. ಸಂಘದ ಸಾಲದಿಂದ ಆರು ಹಂದಿ ಸಾಕಿದ್ದರು. ಒಂದೇ ವಾರದಲ್ಲಿ ನಾಲ್ಕು ಸತ್ತವು. ಉಳಿದ ಎರಡೂ ತಿನ್ನುವುದನ್ನು ಬಿಟ್ಟಾಗ ಅರ್ಧ ರೇಟಿಗೆ ವ್ಯಾಪಾರಿಗೆ ಕೊಟ್ಟುಬಿಟ್ಟರು. "ಹತ್ತನೇ ತಾರೀಕಿಗೆ ಕಂತು ಕಟ್ಬೇಕಿತ್ತಲ್ಲ ಅಕ್ಕಾ. ಅದಕ್ಕೇ ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಯಾರು ತಗೋತಿದ್ರು? ನಾನ್ ಮಾಡಿದ್ದು ತಪ್ಪಾ?" ಎಂದು ಕೇಳಿದರು.

ಯಾರೂ ಮಾತಾಡಲಿಲ್ಲ. ನಮಗೂ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಪಾಠದ ಉದ್ದೇಶ. ಹಂದಿಯ ಕಾಯಿಲೆ ಹಂದಿಗೂಡಿನೊಳಗೇ ಮುಗಿಯುವುದಿಲ್ಲ, ಅದು ಎಲ್ಲೆಲ್ಲಿಗೆ ಮುಟ್ಟುತ್ತದೆ ಎಂಬುದನ್ನು ತಿಳಿದುಕೊಳ್ಳೋಣ.

ಹಂದಿಯ ದೇಹ, ನಮ್ಮ ದೇಹ

ಹಂದಿ ಎಂದರೆ ಮೂಗು ಮುರಿಯುವವರು ಬಹಳ. ಆದರೆ ವೈದ್ಯಶಾಸ್ತ್ರ ಹಂದಿಗೆ ಎಷ್ಟು ಋಣಿ ಎಂಬುದು ಕೆಲವರಿಗೇ ಗೊತ್ತು. ಹಂದಿಯ ಹೃದಯ, ಮೂತ್ರಪಿಂಡ, ಚರ್ಮ ಗಾತ್ರದಲ್ಲಿಯೂ ರಚನೆಯಲ್ಲಿಯೂ ನಮ್ಮದಕ್ಕೆ ಬಹಳ ಹತ್ತಿರ. ಅದೂ ನಮ್ಮ ಹಾಗೆ ಕಾಳು, ಸೊಪ್ಪು, ಮಾಂಸ ಎಲ್ಲವನ್ನೂ ತಿಂದು ಅರಗಿಸಿಕೊಳ್ಳುತ್ತದೆ.

ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್ ಅನ್ನು ಕೆನಡಾ ದೇಶದ ಟೊರೊಂಟೊದಲ್ಲಿ 1921ರಲ್ಲಿ ಕಂಡುಹಿಡಿದರು. ಮುಂದಿನ ಸುಮಾರು ಅರುವತ್ತು ವರ್ಷ ಅದನ್ನು ತೆಗೆಯುತ್ತಿದ್ದದ್ದು ಕಸಾಯಿಖಾನೆಯಲ್ಲಿ ಸಿಗುವ ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ. ಇನ್ಸುಲಿನ್ 51 ಅಮೈನೋ ಆಮ್ಲಗಳ ಸರಪಳಿ. ಅದರಲ್ಲಿ ಹಂದಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಬರೇ ಒಂದು! 1982ರಿಂದೀಚೆಗೆ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳ ಮೂಲಕ ಮನುಷ್ಯರ ಇನ್ಸುಲಿನ್ ತಯಾರಾಗಿ ಮಾರುಕಟ್ಟೆಗೆ ಬಂತು.

ಹೃದಯದ ಕವಾಟ ಕೆಟ್ಟವರಿಗೆ ಹಂದಿಯ ಕವಾಟ ಜೋಡಿಸುವ ಕೆಲಸ 1965ರಲ್ಲಿ ಪ್ಯಾರಿಸಿನಲ್ಲಿ ಆರಂಭವಾಯಿತು. ಅಲ್ಲಿನ ಡಾ. ಅಲೈನ್ ಕಾರ್ಪೆಂಟಿಯರ್ ಇದರ ಹರಿಕಾರರಲ್ಲಿ ಒಬ್ಬರು. ಸಂಸ್ಕರಿಸಿದ ಹಂದಿಯ ಕವಾಟಗಳನ್ನು ಇಂದಿಗೂ ಬಳಸುತ್ತಾರೆ.

ಇನ್ನೊಂದು ಹೆಪಾರಿನ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ ಇದು. ನಿಮ್ಮ ಊರಿನಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಯಾರಾದರೂ ಇದ್ದರೆ ಈ ಹೆಸರು ಕೇಳಿರಬಹುದು. ಜಗತ್ತಿನ ಹೆಚ್ಚಿನ ಹೆಪಾರಿನ್ ಇವತ್ತಿಗೂ ತಯಾರಾಗುವುದು ಹಂದಿಯ ಕರುಳಿನ ಒಳಪೊರೆಯಿಂದ.

ಹಂದಿ ಕೆಟ್ಟರೆ ಔಷಧಿಯೂ ಕೆಟ್ಟೀತು

2006ರಿಂದ ಚೀನಾದ ಹಂದಿಗಳಿಗೆ 'ನೀಲಿ ಕಿವಿ' ಎಂಬ ರೋಗ ಬಡಿಯಿತು. ಅಪಾರ ಸಂಖ್ಯೆಯಲ್ಲಿ ಹಂದಿಗಳು ಸತ್ತವು. ಹೆಪಾರಿನ್‌ಗೆ ಬೇಕಾದ ಕರುಳು ತುಟ್ಟಿಯಾಯಿತು. 2008ರ ಆರಂಭದಲ್ಲಿ ಅಮೆರಿಕದಲ್ಲಿ ಹೆಪಾರಿನ್ ಪಡೆದ ರೋಗಿಗಳು ದಿಢೀರನೆ ರಕ್ತದೊತ್ತಡ ಕುಸಿದು, ಉಸಿರು ಕಟ್ಟಿ ನರಳತೊಡಗಿದರು. ಹತ್ತಾರು ಸಾವುಗಳು ವರದಿಯಾದವು. ಪರೀಕ್ಷಿಸಿ ನೋಡಿದರೆ ಚೀನಾದಿಂದ ಬಂದ ಕಚ್ಚಾ ಹೆಪಾರಿನ್‌ನಲ್ಲಿ ಅದರಂತೆಯೇ ತೋರುವ ಅಗ್ಗದ ರಾಸಾಯನಿಕ ಬೆರೆತಿತ್ತು. ಹಂದಿ ಕಡಿಮೆಯಾಗಿ ಬೆಲೆ ಏರಿದ್ದೇ ಈ ಕಲಬೆರಕೆಗೆ ಕಾರಣವಿರಬೇಕೆಂಬ ಸಂಶಯ ಬಲವಾಗಿತ್ತು.

ಎಲ್ಲಿಯ ಹಂದಿಗೂಡು, ಎಲ್ಲಿಯ ಆಸ್ಪತ್ರೆ ನೋಡಿ!

ಈಚಿನ ಇನ್ನೊಂದು ಘಟನೆ. 2022ರ ಜನವರಿ 7ರಂದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯರು 57 ವರ್ಷದ ಒಬ್ಬ ರೋಗಿಗೆ ಹಂದಿಯ ಹೃದಯವನ್ನು ಜೋಡಿಸಿದರು. ನಮ್ಮ ದೇಹ ತಿರಸ್ಕರಿಸದ ಹಾಗೆ ಆ ಹಂದಿಯ ವಂಶವಾಹಿಗಳಲ್ಲಿ 10 ಬದಲಾವಣೆ ಮಾಡಿದ್ದರು. ಹೃದಯ ಚೆನ್ನಾಗಿಯೇ ಬಡಿಯಿತು. ಆದರೆ ಎರಡು ತಿಂಗಳಿಗೆ, ಮಾರ್ಚ್ 8ರಂದು, ಅವರು ತೀರಿಕೊಂಡರು. ಆ ಹೃದಯದಲ್ಲಿ ಹಂದಿಯ ಒಂದು ವೈರಸ್ ಅಡಗಿ ಕುಳಿತಿತ್ತು. ಮೊದಲು ಮಾಡಿದ ಪರೀಕ್ಷೆಗಳಲ್ಲಿ ಅದು ಸಿಕ್ಕಿರಲಿಲ್ಲ. ಸಾವಿಗೆ ಕಾರಣಗಳು ಹಲವು. ಅದರಲ್ಲಿ ಈ ವೈರಸ್ಸಿನ ಪಾಲೂ ಇರಬಹುದೆಂದು ವೈದ್ಯರು ಬರೆದರು. ಅಷ್ಟು ದೊಡ್ಡ ವಿಜ್ಞಾನಕ್ಕೂ ಹಂದಿಯ ಸಣ್ಣ ಕಾಯಿಲೆಯನ್ನು ಸರಿಯಾಗಿ ಪತ್ತೆಹಚ್ಚುವುದು ಅಗತ್ಯವೆಂದು ಇದರಿಂದ ಗೊತ್ತಾಯಿತು.

ಮಲೇಷ್ಯಾ ಕಲಿಸಿದ ಪಾಠ

ಈಗ ನಮ್ಮ ಸದಸ್ಯೆಯ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟ ಕಥೆ. 1998ರ ಕೊನೆಯಲ್ಲಿ ಮಲೇಷ್ಯಾದ ಇಪೋ ಪಟ್ಟಣದ ಬಳಿ ಹಂದಿಗಳಿಗೆ ಜೋರಾದ ಕೆಮ್ಮು ಬಂತು. ಹಿಂದೆಯೇ ಹಂದಿ ಸಾಕುವವರಿಗೆ ಜ್ವರ, ತಲೆನೋವು, ಪ್ರಜ್ಞೆ ತಪ್ಪುವುದು ಶುರುವಾಯಿತು. ಸೊಳ್ಳೆಯಿಂದ ಬರುವ ಜಪಾನೀಸ್ ಮೆದುಳು ಜ್ವರ ಎಂದು ಮೊದಲು ಎಣಿಸಿದರು. ಔಷಧಿ ಹೊಡೆದರು, ಲಸಿಕೆ ಹಾಕಿದರು. ಲಸಿಕೆ ಹಾಕಿಸಿಕೊಂಡವರೂ ಕಾಯಿಲೆ ಬಿದ್ದರು. ಮಕ್ಕಳಿಗಿಂತ ಹೆಚ್ಚಾಗಿ ಹಂದಿಯೊಡನೆ ಕೆಲಸ ಮಾಡುವ ದೊಡ್ಡವರೇ ಬಿದ್ದರು.

ಅಷ್ಟರಲ್ಲಿ ಹೆದರಿದ ರೈತರು ಹಂದಿಗಳನ್ನು ಸಿಕ್ಕ ಬೆಲೆಗೆ ದೂರದ ಊರುಗಳಿಗೆ ಮಾರಿದರು. ಲಾರಿಯಲ್ಲಿ ಹಂದಿಯ ಜೊತೆ ರೋಗವೂ ದಕ್ಷಿಣಕ್ಕೆ ಹೋಯಿತು. ಗಡಿ ದಾಟಿ ಸಿಂಗಾಪುರದ ಕಸಾಯಿಖಾನೆಯ ಕೆಲಸಗಾರರಿಗೂ ತಗಲಿತು. 1999ರ ಮಾರ್ಚಿನಲ್ಲಿ ಇದು ಹೊಸ ವೈರಸ್ ಎಂದು ಪತ್ತೆಯಾಯಿತು. ಸುಂಗೈ ನಿಪಾ ಎಂಬ ಊರಿನ ಹೆಸರಿನಿಂದ ಅದಕ್ಕೆ ನಿಪಾ ಎಂದು ಹೆಸರಿಟ್ಟರು. ಮಲೇಷ್ಯಾದಲ್ಲಿ ಸುಮಾರು 265 ಮಂದಿಗೆ ರೋಗ ತಗಲಿ 105 ಮಂದಿ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಲ್ಲಬೇಕಾಯಿತು.

ಆ ರೈತರು ಕೆಟ್ಟವರಲ್ಲ. ನಮ್ಮ ಸದಸ್ಯೆಯಂತೆಯೇ ಸಾಲ ಇದ್ದವರು, ಹೆದರಿದವರು. (ಕೇರಳದಲ್ಲಿ 2018ರಿಂದ ಕಾಣಿಸಿಕೊಂಡ ನಿಪಾ ಹಂದಿಯಿಂದ ಬಂದದ್ದಲ್ಲ, ಬಾವಲಿಯ ಮೂಲದ್ದು. ಅನಾವಶ್ಯಕ ಹೆದರಿಕೆ ಬೇಡ.)

ನಮ್ಮ ಹಂದಿಗೂಡಿನ ಕಾಯಿಲೆಗಳು

'ಹಂದಿ ಜ್ವರ' ಎಂಬ ಒಂದೇ ಹೆಸರಿನಲ್ಲಿ ನಾವು ಮೂರು ಬೇರೆ ಬೇರೆ ರೋಗ ಕರೆಯುತ್ತೇವೆ. ಗೊಂದಲಕ್ಕೆ ಅದೇ ಕಾರಣ.

1. 2009ರಲ್ಲಿ ಜಗತ್ತಿಗೆಲ್ಲ ಹರಡಿದ ಎಚ್1ಎನ್1. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಜ್ವರ. ಬೇಯಿಸಿದ ಹಂದಿ ಮಾಂಸ ತಿಂದರೆ ಬರುವುದಿಲ್ಲ.

2. ಹಳೆಯ ಹಂದಿ ಜ್ವರ. ಹಂದಿಗೆ ಮಾತ್ರ ಬರುತ್ತದೆ. ಇದಕ್ಕೆ ಲಸಿಕೆ ಇದೆ. ಹಿಂದೆ ಈ ಲಸಿಕೆಯನ್ನು ಮೊಲಗಳಲ್ಲಿ ಬೆಳೆಸುತ್ತಿದ್ದರು, ಅದಕ್ಕಾಗಿ ಮೊಲಗಳನ್ನು ಕೊಲ್ಲಬೇಕಿತ್ತು. ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಜೀವಕೋಶಗಳಲ್ಲಿ ಬೆಳೆಸುವ ದೇಶೀಯ ಲಸಿಕೆಯನ್ನು 2020ರಲ್ಲಿ ಹೊರತಂದರು.

3. ಆಫ್ರಿಕನ್ ಹಂದಿ ಜ್ವರ. 1921ರಲ್ಲಿ ಕೀನ್ಯಾದಿಂದ ಮೊದಲು ವರದಿಯಾದ ರೋಗ. 2018ರಲ್ಲಿ ಚೀನಾಕ್ಕೆ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಕ್ಕೆ, 2022ರಲ್ಲಿ ನೆರೆಯ ವಯನಾಡಿಗೆ ಬಂತು. ಅದೇ ವರ್ಷ ಕೊಡಗಿನಲ್ಲೂ ಕಾಣಿಸಿಕೊಂಡಿತು. ಮನುಷ್ಯರಿಗೆ ಬರುವುದಿಲ್ಲ. ಹಂದಿಗೆ ಬಂದರೆ ಮದ್ದಿಲ್ಲ. ನಮ್ಮ ರೈತರ ಕೈಗೆ ಲಸಿಕೆಯೂ ಬಂದಿಲ್ಲ.

ಎರಡನೆಯದರ ಮತ್ತು ಮೂರನೆಯದರ ಲಕ್ಷಣ ಒಂದೇ ತರ. ವಿಪರೀತ ಜ್ವರ, ತಿನ್ನದೆ ಗುಂಪಾಗಿ ಮಲಗುವುದು, ಕಿವಿ ಮತ್ತು ಹೊಟ್ಟೆಯ ಮೇಲೆ ಕೆಂಪು ನೀಲಿ ಕಲೆ, ವಾಂತಿ, ರಕ್ತಭೇದಿ, ಗಬ್ಬ ಹೋಗುವುದು, ಒಂದರ ಹಿಂದೆ ಒಂದು ಸಾಯುವುದು. ಕಣ್ಣಿನಿಂದ ನೋಡಿ ಇದು ಅದು ಎಂದು ಹೇಳಲು ಯಾರಿಂದಲೂ ಆಗದು. ರಕ್ತ ಇಲ್ಲವೆ ಅಂಗಾಂಶದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲೇಬೇಕು. ಆಫ್ರಿಕನ್ ಜ್ವರವನ್ನು ಖಚಿತಪಡಿಸುವ ದೊಡ್ಡ ಪ್ರಯೋಗಾಲಯ ಭೋಪಾಲದಲ್ಲಿದೆ. ನಾವು ಹೇಳಿದರೆ ಮಾತ್ರ ಮಾದರಿ ಅಲ್ಲಿಗೆ ಹೋಗುತ್ತದೆ.

ಹಂದಿ ಆರೋಗ್ಯವಾಗಿ ಕಂಡರೂ ನಮಗೆ ತೊಂದರೆ ಕೊಡಬಲ್ಲ ಎರಡು ಕಾಯಿಲೆ ಬೇರೆ ಇವೆ.

ಜಪಾನೀಸ್ ಮೆದುಳು ಜ್ವರ: ಇದರ ವೈರಸ್ ಬೆಳ್ಳಕ್ಕಿಗಳಂಥ ನೀರುಹಕ್ಕಿಗಳಲ್ಲಿ ಮತ್ತು ಹಂದಿಯಲ್ಲಿ ಬೆಳೆಯುತ್ತದೆ. ಗದ್ದೆ ನೀರಿನಲ್ಲಿ ಹುಟ್ಟುವ ಸೊಳ್ಳೆ ಅದನ್ನು ಮಕ್ಕಳಿಗೆ ಮುಟ್ಟಿಸುತ್ತದೆ. 2022ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡ, ಉಡುಪಿ, ಹಾಸನ ಸೇರಿ ನಮ್ಮ ರಾಜ್ಯದ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಅಭಿಯಾನ ನಡೆಯಿತು. ನಿಮ್ಮ ಮಗುವಿಗೆ ಆಗಿದೆಯೋ ಇಲ್ಲವೋ ಆಶಾ ಕಾರ್ಯಕರ್ತೆಯನ್ನು ಕೇಳಿ.

ಲಾಡಿಹುಳ: ನಮ್ಮಲ್ಲಿ ಎಷ್ಟೋ ಮಂದಿಯ ಫಿಟ್ಸ್‌ಗೆ ಕಾರಣ ಮೆದುಳಿನಲ್ಲಿ ಕುಳಿತ ಈ ಹುಳದ ಮರಿಚೀಲ. "ನಾವು ಹಂದಿ ತಿನ್ನೋದೇ ಇಲ್ಲ, ನಮಗೆ ಹೇಗೆ ಬಂತು?" ಎಂದು ಕೇಳುತ್ತಾರೆ. ಸರಿಯಾಗಿ ಬೇಯದ ಮಾಂಸ ತಿಂದವರ ಹೊಟ್ಟೆಯಲ್ಲಿ ಹುಳ ಬೆಳೆಯುತ್ತದೆ. ಮೊಟ್ಟೆಗಳು ಅವರ ಮಲದ ಮೂಲಕ ಹೊರಬಂದು ನೀರಿಗೆ, ಹಸಿ ತರಕಾರಿಗೆ, ಕೈಗೆ ಸೇರುತ್ತವೆ. ಆ ಮೊಟ್ಟೆ ಯಾರ ಹೊಟ್ಟೆಗೆ ಹೋದರೂ ಮೆದುಳಿಗೆ ಏರಬಹುದು. ಹಂದಿಗೂ ರೋಗ ಬರುವುದು ಮನುಷ್ಯರ ಮಲ ತಿಂದೇ. ಪಾಯಿಖಾನೆ ಬಳಸಿ, ಹಂದಿಯನ್ನು ಬೀದಿಗೆ ಬಿಡದೆ ಗೂಡಿನಲ್ಲಿ ಸಾಕಿದರೆ ಈ ಸರಪಳಿ ಕಡಿಯುತ್ತದೆ.

ನಾವು ಮಾಡಬೇಕಾದದ್ದು

1. ಮರಿ ಕೊಳ್ಳುವಾಗ ಎಲ್ಲಿಂದ ಬಂತೆಂದು ಕೇಳಿ. ಹೊಸದನ್ನು ಒಂದು ತಿಂಗಳು ಬೇರೆ ಕಡೆ ಇಡಿ.

2. ಹೋಟೆಲಿನ ಮುಸುರೆ ಹಾಕುವುದಾದರೆ ಚೆನ್ನಾಗಿ ಮಗುಚುತ್ತಾ ಒಂದು ಗಂಟೆ ಕುದಿಸಿ, ಆರಿಸಿ ಹಾಕಿ. ಹಂದಿ ಮಾಂಸದ ತುಂಡು ಬೆರೆತ ಮುಸುರೆ ಬೇಡವೇ ಬೇಡ. ಆಫ್ರಿಕನ್ ಜ್ವರದ ವೈರಸ್ ಉಪ್ಪು ಹಾಕಿದ, ಫ್ರಿಜ್ಜಿನಲ್ಲಿಟ್ಟ ಮಾಂಸದಲ್ಲೂ ತಿಂಗಳುಗಟ್ಟಲೆ ಬದುಕುತ್ತದೆ.

3. ವ್ಯಾಪಾರಿ, ನೆಂಟರು ಯಾರೇ ಆಗಲಿ, ಬೇರೆ ಹಂದಿಗೂಡಿನಿಂದ ಬಂದ ಚಪ್ಪಲಿಯಲ್ಲಿ ಒಳಗೆ ಬಿಡಬೇಡಿ. ಕಾಡುಹಂದಿ ನುಗ್ಗದಂತೆ ಬೇಲಿ ಗಟ್ಟಿ ಮಾಡಿ.

4. ಹಳೆಯ ಹಂದಿ ಜ್ವರದ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

5. ಹಂದಿ ತಿನ್ನುವುದು ಬಿಟ್ಟ ದಿನವೇ ಪಶುವೈದ್ಯರಿಗೆ ತಿಳಿಸಿ ಅಥವಾ 1962ಕ್ಕೆ ಫೋನ್ ಮಾಡಿ. ಮಾರಬೇಡಿ, ಕಡಿದು ಹಂಚಬೇಡಿ, ಸತ್ತದ್ದನ್ನು ಹೊಳೆಗೆ ಎಸೆಯಬೇಡಿ. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಆಫ್ರಿಕನ್ ಜ್ವರ ಖಚಿತವಾದರೆ ಒಂದು ಕಿಲೋಮೀಟರ್ ಸುತ್ತಲಿನ ಹಂದಿಗಳನ್ನು ಇಲಾಖೆಯವರು ಕೊಲ್ಲುತ್ತಾರೆ. ಇದು ನೋವಿನ ಸಂಗತಿ. ಹಾಗೆ ಕೊಂದ ಹಂದಿಗಳಿಗೆ ಸರ್ಕಾರದಿಂದ ಪರಿಹಾರ ಇದೆ. ಮೊದಲೇ ತಾವಾಗಿ ಸತ್ತ ಹಂದಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಬೇಗ ಹೇಳಿದವರಿಗೆ ಅಷ್ಟಾದರೂ ಕೈಗೆ ಬರುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರಲ್ಲಿ ಬಂದ ಕಾಯ್ದೆಯ ಪ್ರಕಾರ ರೋಗದ ಸುದ್ದಿ ತಿಳಿಸುವುದು ಸಾಕಿದವರ ಕರ್ತವ್ಯವೂ ಹೌದು.

ಆ ತಾಯಿಗೆ ನಮ್ಮ ಉತ್ತರ

ಆ ಹಂದಿಗಳಿಗೆ ಬಂದ ರೋಗ ಯಾವುದೆಂದು ಇನ್ನು ಯಾರಿಗೂ ತಿಳಿಯುವ ದಾರಿ ಇಲ್ಲ. ಆ ಎರಡು ಹಂದಿ ಯಾವ ಊರಿಗೆ ಹೋದವೋ ಅದೂ ಗೊತ್ತಿಲ್ಲ. ಮಾರಿದ್ದು ತಪ್ಪೇ. ಆದರೆ ಆ ತಪ್ಪು ಅವರೊಬ್ಬರದಲ್ಲ. ಹಂದಿ ಸಾಯುತ್ತಿದ್ದಾಗ ಅವರ ಕಣ್ಣ ಮುಂದೆ ಇದ್ದದ್ದು ಹತ್ತನೇ ತಾರೀಕು. "ಹಂದಿ ಸತ್ತಿದೆ, ಕಂತಿಗೆ ಸ್ವಲ್ಪ ಸಮಯ ಕೊಡಿ" ಎಂದು ಕೇಳಲು ನಮ್ಮ ಸಂಘ ಅವರಿಗೆ ಧೈರ್ಯ ಕೊಟ್ಟಿರಲಿಲ್ಲ. ಕಾಯಿಲೆಯನ್ನು ಮುಚ್ಚಿಡುವಂತೆ ಮಾಡಿದ್ದರಲ್ಲಿ ನಮ್ಮ ಪಾಲೂ ಇದೆ.

ಆದ್ದರಿಂದ ಎಲ್ಲ ಸಂಘಗಳಿಗೂ ನಮ್ಮ ವಿನಂತಿ: ಸಾಕಿದ ಪ್ರಾಣಿಗೆ ರೋಗ ಬಂದು, ಪಶು ಆಸ್ಪತ್ರೆಗೆ ತಿಳಿಸಿದ ಸದಸ್ಯರಿಗೆ ಮೂರು ಕಂತು ಮುಂದೂಡುವ ನಿರ್ಣಯವನ್ನು ಮುಂದಿನ ಸಭೆಯಲ್ಲೇ ಬರೆದು ಸಹಿ ಮಾಡಿ. ಪ್ರಯೋಗಾಲಯದ ವಿಜ್ಞಾನಿಗಳು ಎಷ್ಟೇ ಜಾಣರಾದರೂ ಕಾಯಿಲೆಯ ಮೊದಲ ಸುಳಿವು ಸಿಗುವುದು ಬೆಳಗ್ಗೆ ಮುಸುರೆ ಬಕೆಟ್ ಹಿಡಿದು ಹಂದಿಗೂಡಿಗೆ ಹೋಗುವವರಿಗೇ. ಅವರು ಹೆದರದೆ ಬಾಯಿ ಬಿಡುವಂತಿರಬೇಕು.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಹಂದಿ ಸತ್ತರೆ ಈಗ ಏನು ಮಾಡುತ್ತೇವೆ? ಪಶು ಆಸ್ಪತ್ರೆಗೆ ಕೊನೆಯ ಸಲ ತಿಳಿಸಿದ್ದು ಯಾವಾಗ?

2. ನಮ್ಮ ಹಂದಿಗಳಿಗೆ ಬರುವ ಮುಸುರೆ ಎಲ್ಲಿಂದ ಬರುತ್ತದೆ? ಕುದಿಸುತ್ತೇವೆಯೇ?

3. ನಮ್ಮ ಸಂಘದಲ್ಲಿ ಕಷ್ಟ ಹೇಳಿಕೊಳ್ಳಲು ಹಿಂಜರಿಯುವವರು ಇದ್ದಾರೆಯೇ? ಏಕೆ?