ಸಣ್ಣ ಜನರೇಟರ್, ಗಾಡಿಯ ಎ.ಸಿ.: ಮೊದಲ ಅರ್ಧ ಸೆಕೆಂಡಿನ ಲೆಕ್ಕ

ಪಂಪ್ ಚಾಲೂ ಆದ ಕ್ಷಣ ಮನೆಯ ದೀಪ ಒಮ್ಮೆ ಮಂಕಾಗಿ ಮತ್ತೆ ಸರಿಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಆ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಏನು ನಡೆಯುತ್ತದೆ ಎಂಬುದೇ ಈ ಪಾಠ. ಇದಕ್ಕೆ ಕಾರಣ ದ್ವಿತೀಯ ಪಿಯುಸಿ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಕೇಳಿದ ಪ್ರಶ್ನೆ. ಮೊಬೈಲಿನಲ್ಲಿ ಅಮೆರಿಕದ ಒಂದು ವಿಡಿಯೋ ನೋಡಿ ಬಂದಿದ್ದ. "ಸರ್, ಎ.ಸಿ. ಬರೀ 1,500 ವ್ಯಾಟ್. ಜನರೇಟರ್ ಮೇಲೆ 2,200 ಎಂದು ಬರೆದಿದೆ. ಆದರೂ ಸ್ವಿಚ್ ಹಾಕಿದ ಕೂಡಲೇ ಆಫ್ ಆಗುತ್ತದಲ್ಲ, ಯಾಕೆ?"

ಒಳ್ಳೆಯ ಪ್ರಶ್ನೆ. ಮೊದಲು ಆ ವಾಹನದ ಪರಿಚಯ ಬೇಕು. ಅಮೆರಿಕದಲ್ಲಿ ಮಲಗುವ ಹಾಸಿಗೆ, ಅಡುಗೆ ಒಲೆ, ಶೌಚಾಲಯ ಎಲ್ಲ ಇರುವ ಗಾಡಿಗಳಲ್ಲಿ ಜನ ತಿಂಗಳುಗಟ್ಟಲೆ ಪ್ರವಾಸ ಮಾಡುತ್ತಾರೆ. ಅದನ್ನು ಆರ್‌ವಿ ಎನ್ನುತ್ತಾರೆ. ಅದರ ಛಾವಣಿಯ ಮೇಲೆ ಒಂದು ಎ.ಸಿ. ಕೂತಿರುತ್ತದೆ. ಸಾಮಾನ್ಯ ಅಳತೆ ಗಂಟೆಗೆ 13,500 ಬಿಟಿಯು, ನಮ್ಮ ಲೆಕ್ಕದಲ್ಲಿ ಒಂದು ಟನ್ನಿಗಿಂತ ತುಸು ಹೆಚ್ಚು. ಕರೆಂಟ್ ಇರುವ ಕ್ಯಾಂಪಿನಲ್ಲಿ ನಿಂತರೆ ಪ್ಲಗ್ ಸಿಕ್ಕಿಸಿದರೆ ಮುಗಿಯಿತು. ಕಾಡಿನಲ್ಲೋ ಮರುಭೂಮಿಯಲ್ಲೋ ನಿಂತರೆ ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಪೆಟ್ರೋಲ್ ಜನರೇಟರ್ ಬೇಕು. ಅಲ್ಲಿ ಬಹಳ ಬಳಕೆಯಲ್ಲಿರುವ ಹೋಂಡಾ ಇಯು2200ಐ ಅಂಥದ್ದೇ. ಅದರ ಹೆಸರಿನಲ್ಲಿ 2,200 ಇದೆ. ಆದರೆ ಅದು ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲ ಗರಿಷ್ಠ ವ್ಯಾಟ್. ಗಂಟೆಗಟ್ಟಲೆ ಕೊಡಬಲ್ಲದ್ದು 1,800. ಅಮೆರಿಕದ ವೋಲ್ಟೇಜ್ 120. ಭಾಗಿಸಿ ನೋಡಿ: ನಿರಂತರ 15 ಆಂಪಿಯರ್, ಗರಿಷ್ಠ 18 ಆಂಪಿಯರ್ ಚಿಲ್ಲರೆ.

ಎ.ಸಿ. ಓಡುತ್ತಿರುವಾಗ ಎಳೆಯುವುದು 12-13 ಆಂಪಿಯರ್. ಅಲ್ಲಿಗೆ ಸರಿಹೋಗಬೇಕಿತ್ತು. ಆದರೆ ಎ.ಸಿ.ಯ ಹಣೆಪಟ್ಟಿಯಲ್ಲಿ ಇನ್ನೊಂದು ಅಂಕಿ ಇರುತ್ತದೆ, ಎಲ್‌ಆರ್‌ಎ ಎಂದು. ಲಾಕ್ಡ್ ರೋಟರ್ ಆಂಪಿಯರ್, ಅಂದರೆ ರೋಟರ್ ಅಲುಗಾಡದೆ ನಿಂತಿರುವಾಗ ಮೋಟಾರ್ ಎಳೆಯುವ ಪ್ರವಾಹ. ಈ ಅಳತೆಯ ಎ.ಸಿ.ಗಳಲ್ಲಿ ಅದು ಸುಮಾರು 60 ಆಂಪಿಯರ್! ಕೊಡುವವನ ಕೈಯಲ್ಲಿ 18, ಕೇಳುವವನಿಗೆ 60.

ಯಾಕಿಷ್ಟು? ಕಂಪ್ರೆಸರ್ ಒಳಗಿರುವುದು ಇಂಡಕ್ಷನ್ ಮೋಟಾರ್. ನೀವು ಓದಿದ ಟ್ರಾನ್ಸ್‌ಫಾರ್ಮರ್ ನೆನಪಿಸಿಕೊಳ್ಳಿ. ಹೊರಗಿನ ಸ್ಟೇಟರ್ ಸುರುಳಿಯೇ ಪ್ರೈಮರಿ. ಒಳಗೆ ತಿರುಗುವ ರೋಟರಿನ ಅಲ್ಯೂಮಿನಿಯಂ ಸರಳುಗಳು ಎರಡೂ ತುದಿಯಲ್ಲಿ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಅಂದರೆ ಅದು ಶಾರ್ಟ್ ಮಾಡಿಟ್ಟ ಸೆಕೆಂಡರಿ. ಸ್ಟೇಟರಿನ ಕಾಂತಕ್ಷೇತ್ರ ನಿಮಿಷಕ್ಕೆ 3,600 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ರೋಟರ್ ಸುಮಾರು 3,450ರ ವೇಗದಲ್ಲಿ ಬೆನ್ನಟ್ಟಿ ಓಡುತ್ತಿದ್ದರೆ ಸರಳುಗಳಿಗೆ ಕಾಣುವ ವ್ಯತ್ಯಾಸ 150 ಸುತ್ತು ಮಾತ್ರ. ಆಗ ಪ್ರೇರಿತ ವಿದ್ಯುಚ್ಚಾಲಕ ಬಲ ಕಡಿಮೆ, ಪ್ರವಾಹವೂ ಕಡಿಮೆ. ನಿಂತಿರುವಾಗ ಪೂರಾ 3,600ರ ವ್ಯತ್ಯಾಸ. ಫ್ಯಾರಡೆ ನಿಯಮ ತನ್ನ ಕೆಲಸ ಮಾಡುತ್ತದೆ: ಸರಳುಗಳಲ್ಲಿ ಪ್ರವಾಹ ಉಕ್ಕುತ್ತದೆ, ಅದಕ್ಕೆ ತಕ್ಕಂತೆ ಸ್ಟೇಟರೂ ಎಳೆಯುತ್ತದೆ. ಅರ್ಧ ಸೆಕೆಂಡಿನೊಳಗೆ ರೋಟರ್ ವೇಗ ಹಿಡಿದರೆ ಎಲ್ಲ ಶಾಂತ. ಹಿಡಿಯದಿದ್ದರೆ?

ಹಿಡಿಯದಿದ್ದರೆ ಪ್ರವಾಹ ಇಳಿಯುವುದೇ ಇಲ್ಲ. ಮೋಟಾರ್ ಗುಂಯ್ ಎನ್ನುತ್ತಾ ನಿಂತಲ್ಲೇ ನಿಲ್ಲುತ್ತದೆ. ಪ್ರವಾಹ ಐದು ಪಟ್ಟಾದರೆ ತಂತಿಯ ಬಿಸಿ ವರ್ಗದ ಲೆಕ್ಕದಲ್ಲಿ 25 ಪಟ್ಟು. ಒಳ್ಳೆಯ ಇನ್ವರ್ಟರ್ ಜನರೇಟರ್ ಓವರ್‌ಲೋಡ್ ಎಂದು ಕೆಂಪು ದೀಪ ಹಚ್ಚಿ ಕೈಕಟ್ಟಿ ನಿಲ್ಲುವುದು ಈ ಕಾರಣಕ್ಕೆ. ಆ ವಿದ್ಯಾರ್ಥಿ ಅದನ್ನು ಜನರೇಟರಿನ ದೋಷವೆಂದು ತಿಳಿದಿದ್ದ. ನನ್ನ ಅಭಿಪ್ರಾಯದಲ್ಲಿ ಅದು ಕಂಪ್ರೆಸರಿಗೆ ಮಾಡಿದ ಉಪಕಾರ. ಮತ್ತೆ ಮತ್ತೆ ರೀಸೆಟ್ ಒತ್ತಿ ಪ್ರಯತ್ನಿಸುವವರು ಆ ಉಪಕಾರವನ್ನು ಹಾಳುಮಾಡುತ್ತಾರೆ.

ಇಲ್ಲಿ ಹೆಚ್ಚಿನವರು ಮರೆಯುವ ಒಂದು ಕಳ್ಳನಿದ್ದಾನೆ, ಎಕ್ಸ್‌ಟೆನ್ಷನ್ ತಂತಿ. 15 ಮೀಟರ್ ಉದ್ದದ, 1.3 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಎಂದಿಟ್ಟುಕೊಳ್ಳಿ. ಹೋಗಿ ಬರುವ ದಾರಿ 30 ಮೀಟರ್. ತಾಮ್ರದ ರೋಧಶೀಲತೆ 1.7 × 10⁻⁸ ಓಮ್ ಮೀಟರ್ ಹಾಕಿ ಲೆಕ್ಕ ಮಾಡಿದರೆ ರೋಧ ಸುಮಾರು 0.4 ಓಮ್. ಏನೂ ಅಲ್ಲ ಅನಿಸುತ್ತದೆ. 60 ಆಂಪಿಯರ್ ಹರಿದಾಗ ಅದೇ ತಂತಿ 24 ವೋಲ್ಟ್ ನುಂಗುತ್ತದೆ. ಮೋಟಾರಿಗೆ ಉಳಿದದ್ದು 96 ವೋಲ್ಟ್, ಅಂದರೆ ಶೇ. 80. ಇಂಡಕ್ಷನ್ ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಶಕ್ತಿ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ ಟಾರ್ಕ್ ಶೇ. 64ಕ್ಕೆ ಬಿತ್ತು. ಪ್ರವಾಹ ಹೆಚ್ಚು ಬೇಕಾದ ಹೊತ್ತಿನಲ್ಲೇ ಕೈಕಾಲು ಸೋತ ಹಾಗೆ. ಚಿಕ್ಕ, ದಪ್ಪ ತಂತಿ ಬಳಸಿ ಎಂದು ಮೆಕ್ಯಾನಿಕ್‌ಗಳು ಹೇಳುವುದರ ಹಿಂದೆ ಇಷ್ಟು ಭೌತಶಾಸ್ತ್ರವಿದೆ.

ಪರಿಹಾರಕ್ಕೆ ಬರೋಣ. ಎರಡು ಸಣ್ಣ ಜನರೇಟರ್‌ಗಳನ್ನು ಸಮಾಂತರವಾಗಿ ಜೋಡಿಸಬಹುದು, ಅದಕ್ಕೆಂದೇ ಕೇಬಲ್ ಸಿಗುತ್ತದೆ. ಹಣ ಇದ್ದರೆ ಸರಿ. ಎರಡನೆಯದು ಸ್ಟಾರ್ಟ್ ಕೆಪ್ಯಾಸಿಟರ್. ಸಿಂಗಲ್ ಫೇಸ್ ಮೋಟಾರಿಗೆ ತಾನಾಗಿ ತಿರುಗಲು ಬರುವುದಿಲ್ಲ; ಎರಡನೇ ಸುರುಳಿಯ ಪ್ರವಾಹವನ್ನು ಕೆಪ್ಯಾಸಿಟರ್ ಮೂಲಕ ಮುಂದೆ ಸರಿಸಿದಾಗ ಕಾಂತಕ್ಷೇತ್ರ ತಿರುಗತೊಡಗುತ್ತದೆ. ದೊಡ್ಡ ಕೆಪ್ಯಾಸಿಟರ್ ಸೇರಿಸಿದರೆ ಆರಂಭದ ಟಾರ್ಕ್ ಹೆಚ್ಚಿ ರೋಟರ್ ಬೇಗ ವೇಗ ಹಿಡಿಯುತ್ತದೆ. ಆದರೆ ಇದು ಉಕ್ಕಿನ ಅವಧಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಎತ್ತರವನ್ನು ಹೆಚ್ಚೇನೂ ತಗ್ಗಿಸುವುದಿಲ್ಲ. ಸಣ್ಣ ಜನರೇಟರಿಗೆ ಇದು ಅರ್ಧ ಔಷಧಿ.

ಮೂರನೆಯದು ಸಾಫ್ಟ್ ಸ್ಟಾರ್ಟರ್. ಕೈಯಗಲದ ಎಲೆಕ್ಟ್ರಾನಿಕ್ ಪೆಟ್ಟಿಗೆ. ಪ್ರತಿ ಸೈನ್ ಅಲೆಯ ಒಂದು ಭಾಗವನ್ನು ಕತ್ತರಿಸಿ ಮೊದಲು ಕಡಿಮೆ ವೋಲ್ಟೇಜ್ ಕೊಡುತ್ತದೆ, ನಂತರ ಕ್ಷಣಕ್ಷಣಕ್ಕೂ ಏರಿಸುತ್ತದೆ. 60 ಇದ್ದದ್ದು 20 ಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ. ಅಷ್ಟನ್ನು ಜನರೇಟರ್ ಒಂದು ಕ್ಷಣ ತಡೆದುಕೊಳ್ಳುತ್ತದೆ. ಜಾಣರು ಇಲ್ಲಿ ನನ್ನನ್ನು ಹಿಡಿಯಬಹುದು: ವೋಲ್ಟೇಜ್ ಇಳಿದರೆ ಟಾರ್ಕ್ ಬೀಳುತ್ತದೆ ಎಂದು ಈಗಷ್ಟೇ ಹೇಳಿದಿರಲ್ಲ? ನಿಜ. ಆದರೆ ಪೆಟ್ಟಿಗೆ ವೋಲ್ಟೇಜನ್ನು ಕೆಳಗೇ ಬಿಟ್ಟುಬಿಡುವುದಿಲ್ಲ. ಜೊತೆಗೆ ಕಂಪ್ರೆಸರ್ ಆ ಹೊತ್ತಿಗೆ ಹಗುರವಾಗಿರಬೇಕು. ಎ.ಸಿ. ನಿಂತ ಮೇಲೆ ಪೈಪಿನ ಎರಡೂ ಬದಿಯ ಅನಿಲದ ಒತ್ತಡ ಸಮವಾಗಲು ಕೆಲವು ನಿಮಿಷ ಬೇಕು. ಆಮೇಲೆ ಚಾಲೂ ಮಾಡಿದರೆ ಸ್ವಲ್ಪ ಟಾರ್ಕ್ ಸಾಕು. ನಮ್ಮ ಮನೆಗಳ ಫ್ರಿಜ್ ಸ್ಟೆಬಿಲೈಸರ್ ಕರೆಂಟ್ ಬಂದ ಮೇಲೂ ಮೂರು ನಿಮಿಷ ಕಾಯಿಸುತ್ತದಲ್ಲ, ಅದೂ ಈ ಕಾರಣಕ್ಕೇ.

ಪೆಟ್ಟಿಗೆ ಹಾಕಿದರೂ ಕ್ರಮ ಬೇಕು. ಬ್ಯಾಟರಿ ಚಾರ್ಜರ್, ನೀರು ಕಾಯಿಸುವ ಕಾಯಿಲ್ ಮೊದಲು ಆಫ್. ಜನರೇಟರಿನ ಇಕೋ ಸ್ವಿಚ್ ಆಫ್, ಇಲ್ಲದಿದ್ದರೆ ನಿಧಾನ ಓಡುತ್ತಿರುವ ಎಂಜಿನ್‌ಗೆ ಎಚ್ಚರವಾಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಮೊದಲು ಫ್ಯಾನ್, ನಂತರ ಕೂಲಿಂಗ್. ಬೆಟ್ಟದ ಮೇಲಾದರೆ ಇನ್ನೊಂದು ತೊಡಕು: ಪ್ರತಿ 300 ಮೀಟರ್ ಎತ್ತರಕ್ಕೆ ಎಂಜಿನ್ ಸುಮಾರು ಶೇ. 3.5 ಶಕ್ತಿ ಕಳೆದುಕೊಳ್ಳುತ್ತದೆ. ಸುಮಾರು 1,600 ಮೀಟರ್ ಎತ್ತರದ ಡೆನ್ವರ್ ನಗರದಲ್ಲಿ 1,800 ವ್ಯಾಟ್ 1,460ಕ್ಕೆ ಬಂತು. ಅಲ್ಲಿ ಎ.ಸಿ. ಚಾಲೂ ಆದರೂ ಓಡುತ್ತಾ ಇರುವುದು ಕಷ್ಟ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಪ್ರಾಣಕ್ಕೆ ಎರವಾಗುವ ವಿಷಯ ಬೇರೆಯೇ ಇದೆ. ರಾತ್ರಿ ಮಳೆ ಬಂತೆಂದು, ಕಳ್ಳರ ಭಯವೆಂದು ಜನರೇಟರನ್ನು ಗಾಡಿಯ ಪಕ್ಕಕ್ಕೆ, ಕಿಟಕಿಯ ಕೆಳಕ್ಕೆ ಎಳೆದು ಮಲಗುವವರಿದ್ದಾರೆ. ಪೆಟ್ರೋಲ್ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ನಿದ್ದೆ. ನಿದ್ದೆಯಲ್ಲಿದ್ದವರಿಗೆ ಮೊದಲೆರಡು ಲಕ್ಷಣ ತಿಳಿಯುವುದೇ ಇಲ್ಲ. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಯ ಬಾಯಿ ಆಚೆ ಕಡೆ ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುತ್ತದೆ. ದೂರ ಇಟ್ಟರೆ ತಂತಿ ಉದ್ದವಾಗುತ್ತದೆ, ಉದ್ದವಾದರೆ ವೋಲ್ಟೇಜ್ ಬೀಳುತ್ತದೆ. ಆಗ ಜನರೇಟರನ್ನು ಹತ್ತಿರ ತರಬಾರದು, ತಂತಿಯನ್ನು ದಪ್ಪ ಮಾಡಬೇಕು. ಕರೆಂಟ್ ಹೋದಾಗ ನಮ್ಮ ಅಂಗಡಿ, ಮದುವೆ ಹಾಲ್‌ಗಳ ಪಕ್ಕ ಓಡುವ ಜನರೇಟರ್‌ಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಕೊನೆಗೆ ನಿಮಗೊಂದು ಲೆಕ್ಕ. ನಮ್ಮಲ್ಲಿ 230 ವೋಲ್ಟ್. ಹಳೆಯ ಮಾದರಿಯ, ಇನ್ವರ್ಟರ್ ಇಲ್ಲದ ಒಂದು ಟನ್ ಎ.ಸಿ.ಯ ಎಲ್‌ಆರ್‌ಎ 30 ಆಂಪಿಯರ್ ಎಂದಿಟ್ಟುಕೊಳ್ಳಿ. ಪ್ರವಾಹ ಅಮೆರಿಕದ ಅರ್ಧ. ಹಾಗಾದರೆ ಅದನ್ನು ಚಾಲೂ ಮಾಡಲು ಅರ್ಧ ಅಳತೆಯ ಜನರೇಟರ್ ಸಾಕೇ? ಮೇಲಿನ 15 ಮೀಟರ್ ತಂತಿಯೇ ಇಲ್ಲಿದ್ದರೆ ಶೇಕಡಾ ಎಷ್ಟು ವೋಲ್ಟೇಜ್ ಬೀಳುತ್ತದೆ? ಎರಡನ್ನೂ ಬಿಡಿಸಿ, ಪ್ರಾಕ್ಟಿಕಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ತೋರಿಸಿ.