ನಿವೃತ್ತಿ ಮತ್ತು ಕಾಯಕ

'ನಿವೃತ್ತಿ' ಎಂಬ ಶಬ್ದಕ್ಕೆ ಹಿಂದಿರುಗುವುದು, ವಿರಮಿಸುವುದು ಎಂಬ ಅರ್ಥಗಳುಂಟು. ಶಾಸ್ತ್ರಗ್ರಂಥಗಳಲ್ಲಿ ಇದು 'ಪ್ರವೃತ್ತಿ'ಗೆ ಪ್ರತಿಯಾದ ಪದ. ವಿಷಯಾಸಕ್ತಿಯಿಂದ ಮನಸ್ಸನ್ನು ಮರಳಿಸುವುದೆಂಬುದು ಅಲ್ಲಿಯ ತಾತ್ಪರ್ಯ. ಕಚೇರಿಯ ಕಡತದಲ್ಲಾದರೋ ಅದು ಕೇವಲ ವಯಸ್ಸಿನ ಲೆಕ್ಕ. ಕರ್ನಾಟಕ ಸರಕಾರದ ನೌಕರರಿಗೆ 58 ವರ್ಷವಿದ್ದ ಈ ಮಿತಿಯು 2008ರಲ್ಲಿ 60ಕ್ಕೆ ಏರಿತು. ಶರಣರು ಕಾಯಕಕ್ಕೆ ಇಂತಹ ಮಿತಿಯನ್ನು ವಿಧಿಸಲಿಲ್ಲ. ನೌಕರಿ ಮುಗಿದ ಮೇಲೂ ಕಾಯಕ ಉಳಿಯುವುದಾದರೆ ಅದರ ಸ್ವರೂಪವೇನು ಎಂಬುದು ವಿಚಾರಣೀಯ.

ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದಳೆಂಬುದು ಪ್ರಸಿದ್ಧ ಪ್ರಸಂಗ.

ನಿವೃತ್ತರ ಸಮಾಜಸೇವೆಗೆ ಈ ಪ್ರಸಂಗವೇ ಒರೆಗಲ್ಲು. ನಿವೃತ್ತಿವೇತನದಿಂದ ಸುಖವಾಗಿ ಬಾಳುವವರು ಸೇವೆಯ ಹೆಸರಿನಲ್ಲಿ ಸಂಬಳದ ಹುದ್ದೆಯನ್ನು ಬಯಸಿದರೆ, ಕೆಲಸಕ್ಕಾಗಿ ಕಾದಿರುವ ತರುಣನ ಪಾಲನ್ನು ತಮ್ಮ ಜೋಳಿಗೆಗೆ ತುಂಬಿಕೊಂಡಂತಾಗುವುದು. ನಿವೃತ್ತಿವೇತನವಿಲ್ಲದವರು ಪ್ರತಿಫಲ ಪಡೆದು ದುಡಿಯುವುದು ದೋಷವಲ್ಲ. ಲಕ್ಕಮ್ಮನು ಬೇಡವೆಂದುದು ಅಗತ್ಯವನ್ನಲ್ಲ, ಅಗತ್ಯವನ್ನು ಮೀರಿದುದನ್ನು.

ಧನದಂತೆ ಅಧಿಕಾರವೂ ಹೆಚ್ಚಿನ ಅಕ್ಕಿಯೇ. ನಿನ್ನೆಯವರೆಗೆ ಮುಖ್ಯಾಧ್ಯಾಪಕರಾಗಿದ್ದವರು ಇಂದು ಸೇವೆಗೆಂದು ಬಂದು ಕಿರಿಯ ಶಿಕ್ಷಕರಿಗೆ ಅಪ್ಪಣೆ ಕೊಡತೊಡಗಿದರೆ, ಅವರು ನೌಕರಿಯಿಂದ ನಿವೃತ್ತರಾದರೇ ಹೊರತು ಪದವಿಯ ಮೋಹದಿಂದಲ್ಲ. ಶಾಸ್ತ್ರದ ನಿವೃತ್ತಿಯೂ ಶರಣರ ಕಾಯಕವೂ ಕೂಡುವುದು ಇಲ್ಲಿಯೇ: ಮರಳಬೇಕಾದುದು ಮೋಹದಿಂದ, ದುಡಿಮೆಯಿಂದಲ್ಲ.

ವಿದ್ವಾಂಸರಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) 1973ರಲ್ಲಿ ಅಧ್ಯಾಪನದಿಂದ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದ ಅವರು, ಮುಪ್ಪಿನಲ್ಲಿಯೂ 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದ ಮೂಲಕ ಸಾಮಾನ್ಯ ಓದುಗರ ಶಬ್ದಸಂದೇಹಗಳನ್ನು ವರ್ಷಗಟ್ಟಲೆ ಪರಿಹರಿಸಿದರು. ಅಷ್ಟು ದೊಡ್ಡ ವಿದ್ವತ್ತು ಒಂದು ಪದದ ಪ್ರಶ್ನೆಯನ್ನೂ ಕಿರಿದೆಂದು ಬಗೆಯಲಿಲ್ಲ.

ಊರೂರಿನಲ್ಲಿಯೂ ಇಂತಹ ಕಿರಿದಾದ ಕೆಲಸಗಳು ಕೈಗಾಗಿ ಕಾದಿವೆ. ಅಕ್ಷರವರಿಯದ ಮನೆಯಿಂದ ಪ್ರಸಾದನಿಲಯಕ್ಕೆ ಬಂದ ಬಾಲಕನು ಸಂಜೆ ಪಾಠವನ್ನು ಓದುವಾಗ ಕೇಳಿ ತಿದ್ದುವವರು ಬೇಕು. ಬ್ಯಾಂಕಿನಲ್ಲಿ ದುಡಿದವರು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿಸಿಕೊಡಬಹುದು. ದಾದಿಯಾಗಿದ್ದವರು ಗಾಯ ತೊಳೆದು ಪಟ್ಟಿ ಕಟ್ಟುವುದನ್ನು ಕಲಿಸಬಹುದು. ಆದರೆ ಒಪ್ಪಿಕೊಂಡ ದಿನ, ಒಪ್ಪಿಕೊಂಡ ವೇಳೆಗೆ ತಪ್ಪದೆ ಬರಬೇಕು. ವೇತನವಿಲ್ಲವೆಂಬ ಕಾರಣದಿಂದ ನಿಯಮವನ್ನು ಸಡಿಲಿಸಿದರೆ, ಪುಸ್ತಕ ತೆರೆದು ಕಾದು ಕುಳಿತ ಮಗುವಿನ ಸಂಜೆ ವ್ಯರ್ಥವಾಗುವುದು.

ದಾಸೋಹದಲ್ಲಿ ಬಡಿಸುವವನನ್ನು ಅವನ ಹಿಂದಿನ ಹುದ್ದೆ ಯಾವುದೆಂದು ಯಾರೂ ಕೇಳರು. ಹಸಿದವನಿಗೆ ಬೇಕಾದುದು ಹೊತ್ತಿಗೆ ಸರಿಯಾಗಿ ಎಲೆಗೆ ಬೀಳುವ ಅನ್ನ. ನಿವೃತ್ತರ ಸೇವೆಗೂ ಇದೇ ಅಳತೆ.