ಸ್ವಾಮಿಯ ಗೆಳೆಯರೂ ಮೌಂಟ್ ರೋಡಿನ ಅಂಗಡಿಯೂ

ನಮ್ಮ ಎಗ್ಮೋರಿನಿಂದ ಕೂವಂ ನದಿಯನ್ನು ದಾಟಿ ತುಸು ದೂರ ನಡೆದರೆ ಅಣ್ಣಾ ಸಾಲೈ ಸಿಕ್ಕುವುದಷ್ಟೆ. ಹಿಂದೆ ಅದಕ್ಕೆ ಮೌಂಟ್ ರೋಡ್ ಎಂದು ಹೆಸರಿತ್ತು. ಹಿರಿಯರು ಈಗಲೂ ಹಾಗೆಯೇ ಕರೆಯುವುದುಂಟು. ಆ ಬೀದಿಯ ಆಟದ ಸಾಮಾನಿನ ಅಂಗಡಿಯೊಂದಕ್ಕೆ ಒಮ್ಮೆ ಮಾಲ್ಗುಡಿಯ ಮೂವರು ಹುಡುಗರು ಕಾಗದ ಬರೆದರು. ಊರೂ ಹುಡುಗರೂ ಕಲ್ಪನೆಯವು. ಆದರೆ ಆ ಕಾಗದದ ವ್ಯವಹಾರವು ನಾವು ಕುಳಿತು ಓದತಕ್ಕ ಪಾಠವೇ ಸರಿ.

ಈ ಹುಡುಗರನ್ನು ಸೃಷ್ಟಿಸಿದ ಆರ್. ಕೆ. ನಾರಾಯಣರು 1906ರಲ್ಲಿ ಇದೇ ಮದರಾಸಿನಲ್ಲಿ ಹುಟ್ಟಿದವರು. ಅವರು ಮೈಸೂರಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯನ್ನು ಪ್ರಕಾಶಕರು ಮೇಲಿಂದ ಮೇಲೆ ತಿರಸ್ಕರಿಸಿದರು. ಆಗ ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣರು ಹಸ್ತಪ್ರತಿಯನ್ನು ಗ್ರಹಾಂ ಗ್ರೀನ್ ಎಂಬ ಲೇಖಕರಿಗೆ ತಲುಪಿಸಿದರು. 1935ರಲ್ಲಿ ಪುಸ್ತಕವು ಹೊರಬಂದಿತು. ಸುಮಾರು ಐವತ್ತು ವರ್ಷಗಳ ತರುವಾಯ ಶಂಕರನಾಗ್ ಅವರು 'ಮಾಲ್ಗುಡಿ ಡೇಸ್' ಎಂಬ ಹೆಸರಿನಲ್ಲಿ ನಾರಾಯಣರ ಕಥೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಿದರು. ಮಾತು ಹಿಂದಿಯಾದರೂ ಮಾಲ್ಗುಡಿಯಾಗಿ ಕಾಣುವುದು ನಮ್ಮ ಮಲೆನಾಡಿನ ಆಗುಂಬೆ. ಸ್ವಾಮಿಯಾದವನು ಕನ್ನಡದ ಬಾಲನಟ ಮಂಜುನಾಥ. ತಂದೆಯ ಪಾತ್ರವನ್ನು ಗಿರೀಶ ಕಾರ್ನಾಡರು ವಹಿಸಿದರು. ಶಂಕರನಾಗ್ ಅವರ ಜೊತೆ ದುಡಿದ ರಮೇಶ್ ಭಟ್ ಮೊದಲಾದವರು ನಾಟಕರಂಗದ ಕಾಲದಿಂದಲೂ ಅವರ ಒಡನಾಡಿಗಳು. ಗೆಳೆಯರ ಕಥೆಯನ್ನು ಗೆಳೆಯರೇ ಸೇರಿ ತೆಗೆದುದರಿಂದಲೋ ಏನೋ, ಅಲ್ಲಿನ ನಗೆಯು ಬಲವಂತದ್ದಾಗಿ ತೋರುವುದಿಲ್ಲ.

ಈಗ ಕಾಗದದ ಸಂಗತಿ. ಸ್ವಾಮಿ, ಮಣಿ, ರಾಜಂ ಈ ಮೂವರು ಕೂಡಿ ಕ್ರಿಕೆಟ್ ತಂಡವೊಂದನ್ನು ಸ್ಥಾಪಿಸುವರು. ರಾಜಮನು ನಾಯಕ. ಹೆಸರಿಟ್ಟುಕೊಂಡರೆ ಸರ್ಕಾರಕ್ಕೆ ತೆರಿಗೆ ಕೊಡಬೇಕಾದೀತೆ ಎಂಬ ಚಿಂತೆಯೂ ಅವರಿಗುಂಟು! ಕೊನೆಗೆ ಎಂ.ಸಿ.ಸಿ. ಎಂಬ ಹೆಸರು ನಿಶ್ಚಯವಾಗಿ, ಬ್ಯಾಟು ಚೆಂಡುಗಳನ್ನು ಬೇಗನೆ ಕಳುಹಿಸಬೇಕೆಂದು ಅಂಗಡಿಗೆ ಬರೆಯುವರು. ಅಂಗಡಿಯವರೇನೋ ಮರ್ಯಾದೆಯಿಂದಲೇ ಉತ್ತರಿಸಿದರು: ಬೆಲೆಯ 25 ಭಾಗವನ್ನು ಶೇಕಡಾ ಲೆಕ್ಕದಲ್ಲಿ ಮುಂಗಡವಾಗಿ ಕಳುಹಿಸಿ, ಉಳಿದುದನ್ನು ವಿ.ಪಿ.ಪಿ. ಮೂಲಕ ಸಲ್ಲಿಸಬಹುದು. ಹುಡುಗರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಇದು ಬೇರೆ ಯಾರಿಗೋ ಬರೆದ ಕಾಗದ, ತಪ್ಪಿ ನಮಗೆ ಬಂದಿದೆ ಎಂದು ತೀರ್ಮಾನಿಸಿ ಅದನ್ನು ಹಿಂದಕ್ಕೆ ಕಳುಹಿಸಿಬಿಟ್ಟರು.

ನಗುವ ಮೊದಲು ವಿ.ಪಿ.ಪಿ. ಎಂದರೇನೆಂದು ತಿಳಿಯೋಣ. ಅಂಚೆಯವನು ಕಟ್ಟನ್ನು ತಂದು, ಅದರ ಬೆಲೆಯನ್ನು ಪಡೆದು ಕೊಟ್ಟು ಹೋಗುವನು. ಆ ಹಣವನ್ನು ಅಂಚೆಯವರು ಅಂಗಡಿಗೆ ತಲುಪಿಸುವರು. ಕೊಳ್ಳುವವನು ಕಡೆಯ ಗಳಿಗೆಯಲ್ಲಿ ಬೇಡವೆಂದರೆ? ಹೋಗಿಬರುವ ವೆಚ್ಚವು ಅಂಗಡಿಯವನ ತಲೆಗೆ. ಆದಕಾರಣವೇ ಮುಂಗಡ. ಮುಖಪರಿಚಯವಿಲ್ಲದವರು ಒಬ್ಬರನ್ನೊಬ್ಬರು ನಂಬುವ ಬಗೆಯಿದು. ರಾಜಮನಾದರೋ ಸ್ವಾಮಿಯಿಂದ ಯಾವ ಮುಂಗಡವನ್ನೂ ಕೇಳಲಿಲ್ಲ. ಪ್ರಸಿದ್ಧ ಆಟಗಾರ ಟೇಟನ ಹೆಸರನ್ನೇ ಅವನಿಗಿಟ್ಟು, ಬೌಲಿಂಗಿನ ಭಾರವನ್ನೆಲ್ಲ ಹೊರಿಸಿದನು. ಸ್ವಾಮಿಯ ಮಾತೊಂದೇ ಅಲ್ಲಿ ಬಂಡವಾಳ.

ಆ ಮಾತು ಮುರಿಯಿತು. ಶಾಲೆಯ ಡ್ರಿಲ್ಲಿನ ದೆಸೆಯಿಂದ ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಹೋಗಲಾಗದೆ, ಮುಖ್ಯೋಪಾಧ್ಯಾಯರೊಡನೆ ಜಗಳವಾಗಿ, ಸ್ವಾಮಿಯು ಊರನ್ನೇ ಬಿಟ್ಟೋಡಿ ಕಾಡಿನಲ್ಲಿ ದಾರಿ ತಪ್ಪಿದನು. ಪಂದ್ಯದ ದಿನಕ್ಕೆ ಒದಗಲಿಲ್ಲ. ತಂಡವು ಸೋತಿತು.

ಎಂಟನೆಯ ತರಗತಿಗೆ ಈ ಭಾಗಗಳನ್ನು ತೋರಿಸಿದಾಗ ಒಬ್ಬ ಬಾಲಕನು ಎದ್ದುನಿಂತು, "ಕಾಡಿನಲ್ಲಿ ಸಿಕ್ಕಿಕೊಂಡವನ ಮೇಲೆ ಕೋಪವೇ, ಸರ್?" ಎಂದು ಕೇಳಿದನು. ಅವನ ಪಕ್ಕದವನು, "ಉಳಿದ ಹತ್ತು ಮಂದಿ ಏನು ಮಾಡಿದ್ದರು?" ಎಂದನು. ಗಂಟೆ ಬಾರಿಸಿದ ಮೇಲೂ ಚರ್ಚೆ ನಿಲ್ಲಲಿಲ್ಲ. ನಾನು ಮನಸ್ಸಿನಲ್ಲಿ ಎರಡನೆಯವನ ಪಕ್ಷದಲ್ಲಿದ್ದೆನು. ಮನೆಗೆ ಹೋಗುವಾಗ ಅಷ್ಟು ನಿಶ್ಚಯವಿರಲಿಲ್ಲ. ಸ್ವಾಮಿಯು ಆಟವನ್ನು ಮರೆತವನಲ್ಲ, ಮೊದಲೇ ಬಂದು ತನ್ನ ಕಷ್ಟವನ್ನು ಬಿಚ್ಚಿ ಹೇಳಲಾರದೆ ಹೋದವನು. ರಾಜಮನಾದರೂ ಕೇಳಲಿಲ್ಲ.

ತಂದೆಗೆ ತಿರುಚಿನಾಪಳ್ಳಿಗೆ ವರ್ಗವಾಗಿ ರಾಜಂ ಊರು ಬಿಡುವನು. ಸ್ವಾಮಿಯು ನಸುಕಿನಲ್ಲೇ ಆಂಡರ್ಸನ್ ಕಥೆಗಳ ಪುಸ್ತಕವನ್ನು ಹಿಡಿದು ರೈಲು ನಿಲ್ದಾಣಕ್ಕೆ ಓಡುವನು. ಮಾತಾಡುವ ಧೈರ್ಯ ಸಾಲದು. ಹೊರಟ ಬಂಡಿಯಲ್ಲಿ ಪುಸ್ತಕವನ್ನು ತಲುಪಿಸುವವನು ಮಣಿಯೇ. ಕಾದಂಬರಿಯ ಕೊನೆಯಲ್ಲಿ, ರಾಜಂ ಕಾಗದ ಬರೆಯುವನೆ ಎಂದು ಸ್ವಾಮಿ ಕೇಳುವನು. ಬರೆಯುವನೆಂದು ಮಣಿ ಹೇಳುವನು. ನನ್ನ ವಿಳಾಸವೆಲ್ಲಿ ಗೊತ್ತು ಎಂದರೆ, ನಾನೇ ಕೊಟ್ಟಿದ್ದೇನೆ ಎನ್ನುವನು. ಆದರೆ ಆ ವಿಳಾಸವನ್ನು ಹೇಳೆಂದಾಗ ತಡವರಿಸುವನು. ನಿಜವೋ ಸುಳ್ಳೋ ಎಂದು ಸ್ವಾಮಿಯು ಅವನ ಮುಖವನ್ನೇ ನೋಡುತ್ತಾನೆ, ತಿಳಿಯುವುದಿಲ್ಲ.